ಮಾತ್ರೆಗೂ ಟೀಗೂ ನಡುವೆ ಎರಡು ಗಂಟೆ

ಫೆಬ್ರವರಿ ೯, ಸೋಮವಾರ

ಬಣ್ಣದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ತಿಂಗಳಿಂದ ಅಂಗಡಿಯಲ್ಲಿ ಕೀಲಿಕೈಗಳ ಪೆಟ್ಟಿಗೆಯ ಕೆಳಗೆ ಬಿದ್ದಿತ್ತು. ಬರೆಯುವ ಅಭ್ಯಾಸ ನನಗಿಲ್ಲ. ಇವತ್ತು ಕೈ ಸುಮ್ಮನಿರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಹಳೆಯ ಬೀರುವಿನ ಬೀಗ ಬಿಚ್ಚಿಕೊಂಡು ಕೂತಿದ್ದೆ. ಎದುರು ಕಟ್ಟಡದ ಟೈಲರ್ ಅಕ್ಕ ಓಡಿ ಬಂದಳು. "ನಿಮ್ಮ ಸೊಸೆ ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಾಳೆ, ಏಳೋಕೆ ಆಗ್ತಿಲ್ಲ" ಎಂದಳು. ಕೈಯಲ್ಲಿದ್ದ ಅರವನ್ನೂ ಕೆಳಗಿಡದೆ ಓಡಿದೆ.

ಸೊಸೆ ಅಂಚೆ ಹಂಚುವವಳು. ಎರಡನೇ ಮಹಡಿಯ ತಿರುವಿನಲ್ಲಿ ಅಂಚೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು. ತುಟಿ ಕಾಗದದಂತೆ ಬಿಳಿಚಿಕೊಂಡಿತ್ತು. ನನ್ನನ್ನು ನೋಡಿದವಳೇ ದುಪಟ್ಟಾ ಸರಿಮಾಡಿಕೊಂಡಳು.

"ಏನಿಲ್ಲ ಮಾವ, ಸ್ವಲ್ಪ ಕಣ್ಣು ಕತ್ತಲೆ ಬಂತು. ಮೇಲಿನ ಮನೆಗೆ ಒಂದು ರಿಜಿಸ್ಟರ್ಡ್ ಇದೆ, ಕೊಟ್ಟು ಬಂದುಬಿಡ್ತೀನಿ."

ರಿಜಿಸ್ಟರ್ಡ್ ಕಾಗದವನ್ನು ಮೇಲಿನ ಮನೆಯವರೇ ಇಳಿದು ಬಂದು ತೆಗೆದುಕೊಂಡರು. ನಾನು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳಿಗೆ ಈಗ ಐದನೇ ತಿಂಗಳು. ರಕ್ತ ತೆಗೆದು ಹಿಮೋಗ್ಲೋಬಿನ್ ನೋಡಿದರು. ಹನ್ನೊಂದಾದರೂ ಇರಬೇಕಾದದ್ದು ಎಂಟು ಪಾಯಿಂಟ್ ಒಂದು ಇದೆ.

"ಮೈಯಲ್ಲಿ ಕಬ್ಬಿಣದ ಅಂಶ ಖಾಲಿಯಾಗಿದೆ. ಮಗು ತನಗೆ ಬೇಕಾದ್ದನ್ನ ತಾಯಿಯಿಂದ ಎಳ್ಕೊಳ್ತಾ ಇರುತ್ತೆ. ಇವಳ ಹತ್ರ ಕೊಡೋಕೆ ಏನೂ ಉಳಿದಿಲ್ಲ" ಎಂದರು ಡಾಕ್ಟರಮ್ಮ. ನಲವತ್ತು ವರ್ಷ ಕಬ್ಬಿಣ ಉಜ್ಜಿ ಬದುಕಿದವನು ನಾನು. ಉಗುರಿನ ಸಂದಿಯಲ್ಲೇ ಅರ್ಧ ಕಿಲೋ ಇದ್ದೀತು. ನನ್ನ ಮನೆಯಲ್ಲೇ ಕಬ್ಬಿಣದ ಬರ.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಅಂದರೆ ಸುಣ್ಣದಂಶದ ಮಾತ್ರೆ, ಎರಡೂ ಬರೆದುಕೊಟ್ಟರು. ನರ್ಸಮ್ಮ ಒಂದು ಕಾರ್ಡು ಕೊಟ್ಟು, ದಿನಕ್ಕೊಂದು ಚೌಕದಲ್ಲಿ ಗುರುತು ಹಾಕಿ ಎಂದರು. ಇದನ್ನು ಹಗುರವಾಗಿ ತೆಗೆದುಕೊಂಡರೆ ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆ ಹೊತ್ತಿಗೆ ನಾನು ಎದ್ದು ಹೊರಗೆ ಹೋಗಿ ನಿಂತೆ.

ಅದರ ಬಗ್ಗೆ ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ಫೆಬ್ರವರಿ ೧೦, ಮಂಗಳವಾರ

ಮಾತ್ರೆ ತೆಗೆದುಕೊಂಡಳು.

ಮಗ ಫೋನ್ ಮಾಡಿದ್ದ. ಸೇತುವೆ ಕಟ್ಟುವಲ್ಲಿ ವೆಲ್ಡಿಂಗ್ ಕೆಲಸ ಅವನದು. ನಾಲ್ಕೈದು ತಿಂಗಳಿಗೊಮ್ಮೆ ಬರುತ್ತಾನೆ. "ಅಪ್ಪಾ, ಅವಳನ್ನ ಸ್ವಲ್ಪ ನೋಡ್ಕೊಳ್ಳಿ" ಎಂದ. ಹೂಂ ಎಂದೆ. ನೋಡಿಕೊಳ್ಳುವುದು ಹೇಗೆ ಎಂದು ಕೇಳಲು ಬಾಯಿ ಬರಲಿಲ್ಲ. ಅವರ ಮದುವೆಯಾಗಿ ಎರಡು ವರ್ಷವಾಯಿತು. ನನಗೂ ಅವಳಿಗೂ ನಡುವೆ ಇರುವುದು ಎರಡೇ ಮಾತು. ಊಟ ಆಯ್ತಾ ಮಾವ, ಆಯ್ತಮ್ಮ. ಬಾಗಿಲು ಹಾಕ್ಲಾ ಮಾವ, ಹಾಕಮ್ಮ. ಅವಳು ಒಳ್ಳೆಯವಳು, ನಾನೇನೂ ಕೆಟ್ಟವನಲ್ಲ. ಬೀಗ ರಿಪೇರಿಯವನು, ಬಾಯಿಗೂ ಒಂದು ಹಾಕಿಕೊಂಡಿದ್ದೇನೆ ಎಂದು ಟೈಲರ್ ಅಕ್ಕ ನಗುತ್ತಾಳೆ.

ಒಂದು ಯೋಚನೆ ಬಂದಿದೆ. ನಾಳೆಯಿಂದ ಬೆಳಗಿನ ಟೀ ನಾನೇ ಮಾಡುತ್ತೇನೆ.

ಫೆಬ್ರವರಿ ೧೧, ಬುಧವಾರ

ಗಟ್ಟಿ ಹಾಲಿನ ಟೀ ಮಾಡಿದೆ. ಮೊದಲ ಸಲ ಉಕ್ಕಿತು, ಎರಡನೇ ಸಲ ಸರಿಯಾಯಿತು. ಸಣ್ಣ ತಟ್ಟೆಯಲ್ಲಿ ಟೀ ಲೋಟ, ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ ಎಲ್ಲ ಜೋಡಿಸಿ ಮೇಜಿನ ಮೇಲಿಟ್ಟೆ. ಒಂದೇ ಏಟಿಗೆ ಎಲ್ಲ ಮುಗಿಯಬೇಕು. ಅವಳು ಬಚ್ಚಲಿನಿಂದ ಬಂದು ತಟ್ಟೆಯನ್ನು ನೋಡಿ ನಿಂತೇಬಿಟ್ಟಳು.

"ನೀವ್ಯಾಕೆ ಮಾವ?"

"ಆರಿ ಹೋಗುತ್ತೆ, ಕುಡಿ" ಎಂದು ಕೆಳಗಿನ ಅಂಗಡಿಗೆ ಇಳಿದೆ.

ಫೆಬ್ರವರಿ ೧೪, ಶನಿವಾರ

ಮಾತ್ರೆ ತೆಗೆದುಕೊಂಡಳು. ಟೀ ಚೆನ್ನಾಗಿತ್ತೆಂದಳು.

ಫ್ರಿಜ್ಜಿನ ಐಸ್ ಟ್ರೇ ಯಾವಾಗ ನೋಡಿದರೂ ಖಾಲಿ. ಮೊದಲು ಕರೆಂಟು ಹೋಗಿರಬೇಕು ಎಂದುಕೊಂಡಿದ್ದೆ. ಮಧ್ಯಾಹ್ನ ಅಡುಗೆಮನೆಯಿಂದ ಕಟಕಟ ಸದ್ದು ಕೇಳಿ ಇಣುಕಿದರೆ, ಅವಳು ಬಾಗಿಲಿಗೆ ಬೆನ್ನು ಹಾಕಿ ನಿಂತು ಐಸ್ ಗಡ್ಡೆ ಅಗಿಯುತ್ತಿದ್ದಳು, ಒಂದಾದ ಮೇಲೊಂದು. ಸದ್ದು ಮಾಡದೆ ವಾಪಸು ಬಂದೆ. ಬಸುರಿಯ ಬಯಕೆ, ನಮಗೇಕೆ.

ಅಂಗಡಿಯ ಪಕ್ಕದಲ್ಲೇ ಮನೆಯ ಮೆಟ್ಟಿಲು. ಇಪ್ಪತ್ತೆರಡು ಮೆಟ್ಟಿಲು. ಕೂತಲ್ಲಿಂದಲೇ ಅವಳ ಹೆಜ್ಜೆ ಕೇಳುತ್ತದೆ. ಇವತ್ತು ಹತ್ತುವಾಗ ಮೂರು ಕಡೆ ನಿಂತಳು.

ಫೆಬ್ರವರಿ ೧೭, ಮಂಗಳವಾರ

ರಕ್ತಕ್ಕೆ ಲಿವರ್ ಒಳ್ಳೆಯದೆಂದು ಮಾಂಸದಂಗಡಿಯವನು ಹೇಳಿದ. ಒಂದು ಕಿಲೋ ತಂದೆ. ದಾರಿಯಲ್ಲಿ ಸಿಕ್ಕ ನರ್ಸಮ್ಮನಿಗೆ ಹೆಮ್ಮೆಯಿಂದ ಚೀಲ ತೋರಿಸಿದೆ. "ಅಯ್ಯೋ ಯಜಮಾನರೇ, ಬಸುರೀಲಿ ಲಿವರ್ ಬೇಡ. ಅದರಲ್ಲಿರೋ ಒಂದು ವಿಟಮಿನ್ ಮಗೂಗೆ ವಿಪರೀತ ಆಗುತ್ತೆ. ಬೇರೆ ಮಾಂಸ ಕೊಡಿ, ಮೊಟ್ಟೆ, ಕಾಳು, ಸೊಪ್ಪು ಕೊಡಿ" ಎಂದರು.

ಒಂದು ಕಿಲೋ ಲಿವರನ್ನು ನಾನೊಬ್ಬನೇ ತಿನ್ನಬೇಕಾಗಿದೆ.

ಫೆಬ್ರವರಿ ೧೯, ಗುರುವಾರ

ಮಾತ್ರೆ ತೆಗೆದುಕೊಂಡಳು. ಲಿವರ್ ಮುಗಿಯಿತು. ಇನ್ನು ಜನ್ಮದಲ್ಲಿ ಬೇಡ.

ಫೆಬ್ರವರಿ ೨೧, ಶನಿವಾರ

ತಪ್ಪು ಮಾಡಿದೆನೋ ಏನೋ. ಅವಳಿಗೆ ಹೇಳದೆ ಪೋಸ್ಟ್ ಮಾಸ್ಟರರನ್ನು ಕಂಡು ಬಂದೆ. ಅವಳ ಬೀಟಿನಲ್ಲಿ ಲಿಫ್ಟ್ ಇಲ್ಲದ ಕಟ್ಟಡಗಳೇ ಹೆಚ್ಚು. ಕೂತು ಮಾಡುವ ಕೆಲಸ ಕೊಡಿ ಎಂದು ಕೇಳಿಕೊಂಡೆ. ಒಳ್ಳೆಯ ಮನುಷ್ಯ, ಕಾಗದ ವಿಂಗಡಿಸುವ ಮೇಜಿಗೆ ಹಾಕುತ್ತೇನೆ ಎಂದರು.

ಸಂಜೆ ಅವಳು ಬಂದು ಅಂಗಡಿಯ ಬಾಗಿಲಲ್ಲೇ ನಿಂತಳು. ದನಿ ಏರಿಸಲಿಲ್ಲ.

"ನಾನು ಏನು ಮಾಡಬೇಕು ಅಂತ ನನ್ನ ಕೇಳಬಹುದಿತ್ತು ಮಾವ."

 ವೈಸ್ ಇಕ್ಕಳದಲ್ಲಿ ಸಿಕ್ಕಿಸಿದ್ದ ಕೀಲಿಕೈಯನ್ನೇ ಉಜ್ಜುತ್ತಾ ಕೂತೆ. ಅವಳು ಹೋದಮೇಲೆ ನೋಡಿದರೆ ಹಲ್ಲುಗಳೆಲ್ಲ ಸವೆದು ಕೀಲಿಕೈ ಮೊಂಡಾಗಿತ್ತು.

ಫೆಬ್ರವರಿ ೨೨, ಭಾನುವಾರ

ಮಾತಿಲ್ಲ.

ಫೆಬ್ರವರಿ ೨೩, ಸೋಮವಾರ

ಮಾತಿಲ್ಲ. ಟೀ ಕುಡಿದಿದ್ದಾಳೆ, ಲೋಟ ತೊಳೆದಿಟ್ಟಿದ್ದಾಳೆ.

ಫೆಬ್ರವರಿ ೨೪, ಮಂಗಳವಾರ

ಬೆಳಿಗ್ಗೆ ತಟ್ಟೆ ಇಟ್ಟು ಇಳಿಯದೆ ಅಲ್ಲೇ ನಿಂತೆ. "ಕೇಳಬೇಕಾಗಿತ್ತು. ಕೇಳಲಿಲ್ಲ. ತಪ್ಪಾಯ್ತಮ್ಮ" ಎಂದೆ. ಇಷ್ಟು ಹೇಳಲು ಮೂರು ದಿನ ಬೇಕಾಯಿತು.

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. "ನನ್ನ ಬೀಟಲ್ಲಿ ಒಬ್ಬರು ಮೇಷ್ಟ್ರಿದ್ದಾರೆ ಮಾವ. ನಾಲ್ಕನೇ ಮಹಡಿ. ಅವರಿಗೆ ಕಾಗದ ಬರೋದು ತಿಂಗಳಿಗೆ ಒಂದು. ಆದ್ರೂ ದಿನಾ ಬಾಗಿಲಲ್ಲಿ ನಿಂತಿರ್ತಾರೆ. ಇವತ್ತಿಲ್ಲ ಮೇಷ್ಟ್ರೇ ಅಂತ ಹೇಳೋಕೆ ಹತ್ತಬೇಕಲ್ಲ."

"ಇಲ್ಲ ಅಂತ ಹೇಳೋಕೆ ನಾಲ್ಕು ಮಹಡಿ ಹತ್ತುತ್ತಿದ್ದೆಯಾ?"

"ಹತ್ತಿದ್ರೆ ನೀರು ಕೊಡ್ತಿದ್ರು. ಕೂತು ಎರಡು ಮಾತಾಡಿ ಬರ್ತಿದ್ದೆ."

ಮೊಣಕಾಲು ನೋವಿದ್ದರೂ ಸಂಜೆ ಅಂಗಡಿ ಮುಚ್ಚಿ ನಾಲ್ಕನೇ ಮಹಡಿಗೆ ಹೋಗಿ ಬಂದೆ. ಮೇಷ್ಟರಿಗೆ, ಅಂಚೆಯವಳು ಕೆಲವು ತಿಂಗಳು ಬರುವುದಿಲ್ಲ, ಮಗುವಾದಮೇಲೆ ಬರುತ್ತಾಳೆ ಎಂದು ಹೇಳಿದೆ. ಅವರ ಮನೆಯ ಬೀಗ ಬಿಗಿಯಾಗಿತ್ತು, ಎಣ್ಣೆ ಬಿಟ್ಟು ಬಂದೆ. ಅವಳಿಗೆ ಹೇಳಿದಾಗ ಬಹಳ ಹೊತ್ತು ನಗುತ್ತಿದ್ದಳು. ನಗುವಂಥದ್ದು ಏನಿತ್ತೋ.

ಮಾರ್ಚ್ ೧೦, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು. ಬರೆಯದಿದ್ದರೆ ನಿದ್ದೆ ಹತ್ತಲಾರದು.

ತಿಂಗಳಾದ ಮೇಲೆ ಮತ್ತೆ ರಕ್ತಪರೀಕ್ಷೆ. ನಾನು ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಯ್ದಿದ್ದೆ. ಇಪ್ಪತ್ತೆಂಟು ಚೌಕ, ಇಪ್ಪತ್ತೆಂಟು ಗುರುತು. ನರ್ಸಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಚೀಟಿ ಓದಿದರು.

"ಏಳು ಪಾಯಿಂಟ್ ಒಂಬತ್ತು. ಏರೋದಿರಲಿ, ಇಳಿದಿದೆ. ಮಾತ್ರೆ ಹೇಗೆ ತಗೋತಿದ್ದೀಯಮ್ಮ?"

"ಬೆಳಿಗ್ಗೆ" ಎಂದಳು ಸೊಸೆ.

"ಯಾವುದರ ಜೊತೆ?"

"ಟೀ ಜೊತೆ."

"ಹಾಲು ಹಾಕಿದ ಟೀ? ಸುಣ್ಣದ ಮಾತ್ರೇನೂ ಅದರ ಜೊತೆಗೇ?" ನರ್ಸಮ್ಮ ಹಣೆ ಹಿಡಿದುಕೊಂಡರು. "ಟೀ, ಹಾಲು, ಸುಣ್ಣದ ಮಾತ್ರೆ ಮೂರೂ ಕಬ್ಬಿಣನ ಮೈಗೆ ಹತ್ತೋಕೆ ಬಿಡಲ್ಲಮ್ಮ. ನುಂಗಿದ್ದರಲ್ಲಿ ಮುಕ್ಕಾಲು ಪಾಲು ಹಾಗೇ ಹೊರಗೆ ಹೋಗಿದೆ. ಮೊದಲ ದಿನವೇ ನಾನು ಬಿಡಿಸಿ ಹೇಳಬೇಕಿತ್ತು. ಟೀ ಯಾರು ಮಾಡಿಕೊಡ್ತಾರೆ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತಲೆ ತಗ್ಗಿಸಿ, "ನಾನೇ ಮಾಡ್ಕೋತೀನಿ. ಟೀ ಚಟ ನಂಗೆ" ಎಂದುಬಿಟ್ಟಳು.

ಇಪ್ಪತ್ತೆಂಟು ದಿನ ಮುಂಜಾನೆ ಎದ್ದು, ಉಕ್ಕದಂತೆ ಕಾದು, ಹಾಲು ಗಟ್ಟಿಯಾಗಿರಲೆಂದು ನೀರು ಕಡಿಮೆ ಮಾಡಿ ಕೊಟ್ಟವನು ನಾನು. ಅವಳಿಗೆ ಬೇಕಾದದ್ದು ಮೈ ಸೇರದಂತೆ ಅಡ್ಡ ಕೂತವನು ನಾನು. ಅವಳು ನನ್ನ ಮಾನ ಕಾಯುತ್ತಿದ್ದಾಳೆ.

"ಸುಳ್ಳು. ಟೀ ಮಾಡಿಕೊಟ್ಟಿದ್ದು ನಾನು" ಎಂದೆ.

"ಮಾವ, ಸುಮ್ನಿರಿ."

"ದಿನಾ ನಾನೇ. ಮೂರನ್ನೂ ಒಂದೇ ತಟ್ಟೇಲಿಟ್ಟು ಕೊಟ್ಟಿದ್ದೀನಿ."

ನರ್ಸಮ್ಮ ನನ್ನ ಮುಖ, ಅವಳ ಮುಖ ನೋಡಿದರು. ಸೊಸೆಯ ಕಣ್ಣು ತುಂಬಿಕೊಂಡಿತ್ತು. ಆಮೇಲೆ ಅವಳೂ ಬಾಯಿಬಿಟ್ಟಳು. "ನಂದೂ ತಪ್ಪಿದೆ. ಒಂಬತ್ತು ದಿನ ನುಂಗೇ ಇಲ್ಲ. ಯೂನಿಫಾರಂ ಜೇಬಲ್ಲಿ ಹಾಕ್ಕೊಂಡು ಹೋಗಿಬಿಡ್ತಿದ್ದೆ. ವಾಂತಿ ಬಂದ ಹಾಗಾಗುತ್ತೆ, ಹೊಟ್ಟೆ ಕಲ್ಲಾಗುತ್ತೆ, ಬಚ್ಚಲಲ್ಲಿ ನೋಡಿದ್ರೆ ಎಲ್ಲ ಕಪ್ಪು. ಭಯ ಆಯ್ತು. ಮಾವ ಅಷ್ಟು ಪ್ರೀತಿಯಿಂದ ತಟ್ಟೆ ಇಡ್ತಾರೆ, ಬೇಡ ಅನ್ನೋಕೆ ಮನಸ್ಸು ಬರಲಿಲ್ಲ."

"ಒಳ್ಳೆ ಜೋಡಿ ಕಣ್ರಪ್ಪ ನೀವು" ಎಂದು ನರ್ಸಮ್ಮ ಕುರ್ಚಿ ಎಳೆದುಕೊಂಡು ಕೂತರು. ಕಪ್ಪಾಗುವುದು ಮಾತ್ರೆಯಿಂದ, ಹೆದರಬೇಕಿಲ್ಲ. ಕಬ್ಬಿಣದ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆ ನೀರಿನ ಜೊತೆ ತೆಗೆದುಕೊಳ್ಳಬೇಕು. ತೀರಾ ಹೊಟ್ಟೆ ತೊಳೆಸಿದರೆ ಎರಡು ತುತ್ತು ತಿಂದು ನುಂಗಬಹುದು. ಟೀ ಕುಡಿಯುವುದಿದ್ದರೆ ಎರಡು ಗಂಟೆ ಬಿಟ್ಟು. ಸುಣ್ಣದ ಮಾತ್ರೆ ರಾತ್ರಿ ಊಟದ ಜೊತೆಗೆ. ನೀರು, ಹಣ್ಣು, ತರಕಾರಿ ಚೆನ್ನಾಗಿ. ಸಂಜೆ ಸ್ವಲ್ಪ ನಡೆದಾಟ. ಇನ್ನೇನಾದರೂ ತಿನ್ನಬೇಕೆನಿಸುತ್ತದೆಯೇ ಎಂದು ಕೇಳಿದಾಗ ಅವಳು ಮೆಲ್ಲಗೆ, ಐಸ್ ಎಂದಳು. ಅದೂ ಕಬ್ಬಿಣ ಕಡಿಮೆಯಾದವರಲ್ಲಿ ಕಾಣುವ ಲಕ್ಷಣವಂತೆ. ಕಂಡೂ ಸುಮ್ಮನೆ ವಾಪಸು ಬಂದಿದ್ದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

ಆಟೋ ಹಿಡಿದೆವು. ಮನೆ ಹತ್ತಿರ ಬಂದಾಗ ಅವಳು, "ಟೀ ಮಾತ್ರ ನಿಜವಾಗ್ಲೂ ಚೆನ್ನಾಗಿತ್ತು ಮಾವ" ಎಂದಳು.

ಆಟೋ ಇಳಿದವನೇ ನಿಂಬೆಹಣ್ಣು ತರಲು ಹೋದೆ.

ಮಾರ್ಚ್ ೧೧, ಬುಧವಾರ

ನಿಂಬೆ ನೀರು. ಮಾತ್ರೆ ಒಂದೇ. ಈ ಸಲ ತಟ್ಟೆಯಿಟ್ಟು ಇಳಿದು ಹೋಗಲಿಲ್ಲ, ಎದುರಿಗೇ ಕೂತೆ. ಕಾವಲಿಗಲ್ಲ, ಕೂರಬೇಕೆನಿಸಿತು. ಎರಡು ಗಂಟೆ ಕಳೆಯುವವರೆಗೆ ನಾನೂ ಟೀ ಕುಡಿಯಲಿಲ್ಲ. ಅವಳ ಕಣ್ಣೆದುರು ಕುಡಿಯುವುದು ಸರಿಯಲ್ಲ. ತಲೆ ಸಿಡಿಯಿತು.

ಮಾರ್ಚ್ ೧೮, ಬುಧವಾರ

ಇವತ್ತು ಮತ್ತೆ ಕಡಲೆಕಾಳು ಬೇಯಿಸಿದೆ. ಮೊದಲ ದಿನ ಕಲ್ಲಿನಂತಿತ್ತು. ಹಿಂದಿನ ದಿನವೇ ನೆನೆಹಾಕಬೇಕೆಂದು ಯಾರಿಗೆ ಗೊತ್ತಿತ್ತು. ಸೊಪ್ಪು ಬಿಡಿಸುವುದು ಈಗ ಕೈಗೆ ಬಂದಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮರದ ಹಲಗೆಯ ಮೇಲೆ ಕೀಲಿಕೈಗಳನ್ನು ಸರಿಸಿ ಸೊಪ್ಪು ಹರಡಿಕೊಂಡು ಕೂರುತ್ತೇನೆ. ಒಬ್ಬ ಗಿರಾಕಿ, ಅಂಗಡಿ ಬದಲಾಯಿಸಿದಿರಾ ಎಂದು ಕೇಳಿದ. ಅವಳು ಟೊಮೇಟೊ ಹೆಚ್ಚಿ ಹಾಕಿ ಎನ್ನುತ್ತಾಳೆ, ಹುಳಿಯಿದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದಂತೆ. ನಾನು ಉಪ್ಪು ಕಡಿಮೆ ಎನ್ನುತ್ತೇನೆ, ಅವಳು ಜಾಸ್ತಿ ಎನ್ನುತ್ತಾಳೆ. ಇದರ ಮೇಲೆ ಅರ್ಧ ಗಂಟೆ ವಾದ ನಡೆಯಿತು.

ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಆದರೆ ಮೂರು ದಿನ ವಾಂತಿಯಾಯಿತು, ನುಂಗಿದ್ದೆಲ್ಲ ಹೊರಗೆ. ಬಚ್ಚಲ ಬಾಗಿಲಾಚೆ ನಿಂತು ನೀರಿನ ಚೊಂಬು ಹಿಡಿದುಕೊಂಡಿರುವುದು ಬಿಟ್ಟರೆ ನಾನು ಮಾಡುವಂಥದ್ದೇನಿಲ್ಲ.

ಮಾರ್ಚ್ ೩೧, ಮಂಗಳವಾರ

ಎಂಟು ಪಾಯಿಂಟ್ ನಾಲ್ಕು. ಏರಿದೆ, ಆದರೆ ಸಾಲದು. ಆರು ತಿಂಗಳು ತುಂಬಿದೆ. ಹೊಟ್ಟೆ ಮಾತ್ರೆಯನ್ನು ಇಟ್ಟುಕೊಳ್ಳುತ್ತಿಲ್ಲ, ಕಾಯುತ್ತ ಕೂರುವಷ್ಟು ಸಮಯವಿಲ್ಲ, ಡ್ರಿಪ್ಪಿನಲ್ಲಿ ಕಬ್ಬಿಣ ಕೊಡುತ್ತೇವೆ ಎಂದರು ಡಾಕ್ಟರಮ್ಮ. ಮುಂದಿನ ಮಂಗಳವಾರ.

ಅವಳು ದಾರಿಯುದ್ದಕ್ಕೂ ಧೈರ್ಯವಾಗಿದ್ದಳು. ಮೆಟ್ಟಿಲು ಹತ್ತುವಾಗ ಹನ್ನೊಂದನೆಯದರಲ್ಲಿ ನಿಂತು, "ನಂಗೆ ಸೂಜಿ ಅಂದ್ರೆ ಭಯ ಮಾವ" ಎಂದಳು. ನನಗೆ ಏನೇನೆಂದರೆ ಭಯ ಎಂದು ನಾನು ಹೇಳಲಿಲ್ಲ.

ಏಪ್ರಿಲ್ ೭, ಮಂಗಳವಾರ

ಬೆಳಿಗ್ಗೆ ಹತ್ತಕ್ಕೆ ಮಲಗಿಸಿದರು. ಕಿಟಕಿ ಪಕ್ಕದ ಹಾಸಿಗೆ. ಚೀಲದಲ್ಲಿ ಕಡು ಕಂದು ಬಣ್ಣದ ನೀರು. ನರ್ಸಮ್ಮ ಮೊದಲ ಹದಿನೈದು ನಿಮಿಷ ಪಕ್ಕದಲ್ಲೇ ನಿಂತು ನಾಡಿ ನೋಡುತ್ತಿದ್ದರು. ಏನೂ ತೊಂದರೆಯಿಲ್ಲವೆಂದಾದ ಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

ಸೊಸೆ ಕಣ್ಣು ತೆರೆದು ಚೀಲ ನೋಡಿದಳು. "ನೋಡಿ ಮಾವ, ಕೊನೆಗೂ ಡಾಕ್ಟರೇ ಟೀ ಏರಿಸ್ತಿದ್ದಾರೆ."

ಇಬ್ಬರೂ ನಕ್ಕೆವು. ಪಕ್ಕದ ಹಾಸಿಗೆಯವಳು ನಮ್ಮನ್ನು ವಿಚಿತ್ರವಾಗಿ ನೋಡಿದಳು. ನಗು ನಿಂತಮೇಲೆ ಸೊಸೆ ಕೇಳಿದಳು.

"ಒಂದು ಮಾತು ಕೇಳ್ಲಾ? ಡಾಕ್ಟರಮ್ಮ ಹೆರಿಗೆ, ರಕ್ತ ಅಂದ ಕೂಡಲೇ ನೀವು ಎದ್ದು ಹೊರಗೆ ಹೋಗ್ತೀರಿ. ಮೊದಲ ದಿನಾನೂ ಹೋದ್ರಿ, ಹೋದ ವಾರಾನೂ ಹೋದ್ರಿ. ಯಾಕೆ?"

ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಹೇಳಿದೆ.

ನನ್ನ ಹೆಂಡತಿಗೆ ಎರಡನೇ ಹೆರಿಗೆ. ಮಗನಿಗೆ ಆಗ ನಾಲ್ಕು ವರ್ಷ. ಆ ಬಸುರಿನಲ್ಲಿ ಅವಳು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಉಗುರು ಬೆಳ್ಳಗಾಗಿತ್ತು. ಒಂದು ದಿನ ಕೈ ಚಾಚಿ, "ಇಲ್ನೋಡಿ, ನನ್ನ ಕೈಯೇ ಅಲ್ಲ ಅನ್ನಿಸುತ್ತೆ" ಎಂದಳು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಹೇಳಿ ನಾನು ಕೆಲಸಕ್ಕೆ ಇಳಿದೆ. ಯಾರೂ ರಕ್ತ ನೋಡಲಿಲ್ಲ, ನಾನೂ ತೋರಿಸಲಿಲ್ಲ. ಹೆರಿಗೆಯಲ್ಲಿ ರಕ್ತ ಹೋಯಿತು. ಬೇರೆ ಯಾರಾದರೂ ಆಗಿದ್ದರೆ ತಡೆದುಕೊಳ್ಳುತ್ತಿದ್ದರು, ಇವರ ಮೈಯಲ್ಲಿ ಮೊದಲೇ ಇರಲಿಲ್ಲ ಎಂದರು ಅಲ್ಲಿನವರು. ಹೆಣ್ಣುಮಗು. ಅದೂ ಒಂದು ಗಂಟೆ ಇತ್ತು, ಅಷ್ಟೇ.

ಹೇಳಿ ಮುಗಿಸಿದಾಗ ಸೊಸೆ ಸೂಜಿಯಿಲ್ಲದ ಕೈ ಚಾಚಿ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ ಗೊತ್ತಾಗಲಿಲ್ಲ.

"ಅವರಿಗೆ ಗೊತ್ತಾ?" ಎಂದಳು, ನನ್ನ ಮಗನ ಬಗ್ಗೆ.

"ಅಮ್ಮ ಜ್ವರ ಬಂದು ಹೋದಳು ಅಂತ ಹೇಳಿದ್ದೀನಿ. ತಂಗಿ ವಿಷಯ ಹೇಳೇ ಇಲ್ಲ."

"ಹೇಳಬೇಕು ಮಾವ. ನಾನು ಹೇಳೋದಲ್ಲ, ನೀವೇ."

"ನೋಡೋಣ" ಎಂದೆ.

ಚೀಲ ಖಾಲಿಯಾದಾಗ ಹನ್ನೊಂದು ಕಳೆದಿತ್ತು. ಸೂಜಿ ತೆಗೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮುಂದಿನ ವಾರ ಇನ್ನೊಂದು ಚೀಲ.

ಏಪ್ರಿಲ್ ೨೫, ಶನಿವಾರ

ಐಸ್ ಟ್ರೇ ನಾಲ್ಕು ದಿನದಿಂದ ತುಂಬಿಯೇ ಇದೆ. ಅವಳು ಗಮನಿಸಿಲ್ಲ. ನಾನು ದಿನಕ್ಕೆರಡು ಸಲ ಫ್ರಿಜ್ ತೆಗೆದು ನೋಡುತ್ತೇನೆ.

ಮೆಟ್ಟಿಲಲ್ಲಿ ಒಂದೇ ಕಡೆ ನಿಂತಳು. ಅದೂ ಟೈಲರ್ ಅಕ್ಕನ ಜೊತೆ ಮಾತಾಡಲು.

ಮೇ ೫, ಮಂಗಳವಾರ

ಹತ್ತು ಪಾಯಿಂಟ್ ಮೂರು. ನರ್ಸಮ್ಮ ಚೀಟಿಯನ್ನು ನನ್ನ ಕೈಗೇ ಕೊಟ್ಟರು, ನೀವೇ ಓದಿ ಎಂದು. ನಾನು ಎರಡು ಸಲ ಜೋರಾಗಿ ಓದಿದೆ.

ಸಂಜೆ ಒಬ್ಬ ಹುಡುಗ ಮೋಟರ್ ಸೈಕಲ್ ಕೀಲಿಕೈ ಮಾಡಿಸಲು ಬಂದಿದ್ದ. ಹೆಂಡತಿಗೆ ಮೂರು ತಿಂಗಳು ಎಂದ. ರಕ್ತ ಪರೀಕ್ಷೆ ಮಾಡಿಸಿದಿರಾ, ಮಾತ್ರೆ ಹೇಗೆ ನುಂಗುತ್ತಾರೆ, ಟೀ ಯಾವಾಗ ಕುಡಿಯುತ್ತಾರೆ, ಎಲ್ಲ ಕೇಳಿದೆ. ಅವನು ಟೀ ಜೊತೆಗೇ ಎಂದ. ಕೂತುಕೋ ಎಂದೆ. ಕೀಲಿಕೈ ಹತ್ತು ನಿಮಿಷದಲ್ಲಿ ಮುಗಿದಿತ್ತು, ಅವನು ಹೋಗುವಾಗ ಮುಕ್ಕಾಲು ಗಂಟೆಯಾಗಿತ್ತು. ಸೊಸೆ ಮೇಲಿನ ಕಿಟಕಿಯಿಂದ, "ಮಾವ, ಪಾಪ ಬಿಟ್ಟುಬಿಡಿ ಅವರನ್ನ" ಎಂದು ಕೂಗಿದಳು.

ಜೂನ್ ೨, ಮಂಗಳವಾರ

ಹನ್ನೊಂದು ಪಾಯಿಂಟ್ ಎರಡು.

ಮಗ ನಿನ್ನೆ ಬಂದಿದ್ದಾನೆ. ಹೆರಿಗೆವರೆಗೆ ಇರುತ್ತಾನೆ. ಊಟಕ್ಕೆ ಕೂತಾಗ ನಾನೂ ಸೊಸೆಯೂ ಉಪ್ಪಿನ ಮೇಲೆ ವಾದ ಮಾಡುತ್ತಿದ್ದೆವು. ಅವನು ತುತ್ತು ಕೈಯಲ್ಲಿ ಹಿಡಿದು ನಮ್ಮಿಬ್ಬರನ್ನೂ ನೋಡುತ್ತಿದ್ದ. "ಅಪ್ಪ ಯಾವಾಗಿಂದ ಇಷ್ಟು ಮಾತಾಡ್ತಾರೆ?" ಎಂದು ಅವಳನ್ನು ಕೇಳಿದ. ನನಗೆ ಅರ್ಥವಾಗಲಿಲ್ಲ. ನಾನು ಮೊದಲಿನ ಹಾಗೇ ಇದ್ದೇನೆ.

ಅವನು ಈರುಳ್ಳಿ ಹೆಚ್ಚುವ ರೀತಿ ಸರಿಯಿಲ್ಲ. ತೋರಿಸಿಕೊಟ್ಟೆ.

ಅವನಿಗೆ ಹೇಳಬೇಕಾದದ್ದನ್ನು ಇನ್ನೂ ಹೇಳಿಲ್ಲ. ಸೊಸೆ ನಿನ್ನೆಯಿಂದ ನನ್ನ ಮುಖ ನೋಡುತ್ತಿದ್ದಾಳೆ.

ಜುಲೈ ೧, ಬುಧವಾರ

ಬೆಳಿಗ್ಗೆ ಆರಕ್ಕೆ ನೋವು ಶುರು. ಎಂಟಕ್ಕೆ ಆಸ್ಪತ್ರೆ. ಮಗ ಒಳಗೆ ಅವಳ ಜೊತೆಗಿದ್ದ. ನಾನು ಹೊರಗಿನ ಬೆಂಚಿನ ಮೇಲೆ.

ಮೂರೂ ನಲವತ್ತಕ್ಕೆ ಅಳು ಕೇಳಿಸಿತು. ಒಳ್ಳೆಯ ಗಟ್ಟಿ ಗಂಟಲು. ನಾನು ಎದ್ದು ನಿಂತೆ. ಯಾರೂ ಹೊರಗೆ ಬರಲಿಲ್ಲ. ಆಮೇಲೆ ಒಬ್ಬ ನರ್ಸ್ ಬೇಗಬೇಗ ಒಳಗೆ ಹೋದಳು, ಹಿಂದೆಯೇ ಇನ್ನೊಬ್ಬಳು ಟ್ರೇ ಹಿಡಿದು ಓಡಿದಳು. ಮಗನನ್ನು ಹೊರಗೆ ಕಳಿಸಿದರು. ಅವನ ಮುಖ ಸುಣ್ಣವಾಗಿತ್ತು. "ರಕ್ತ ನಿಲ್ತಿಲ್ಲ ಅಂತಿದ್ದಾರೆ ಅಪ್ಪ" ಎಂದ.

ಈ ಸಲ ನಾನು ಎಲ್ಲಿಗೂ ಎದ್ದು ಹೋಗಲಿಲ್ಲ. ಅವನ ಕೈ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಾ ಕೂತೆ. ಕೈ ಹಿಡಿದದ್ದು ಅವನಿಗಾಗಿಯೋ ನನಗಾಗಿಯೋ ತಿಳಿಯದು. ಗೋಡೆಯ ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷ.

ಡಾಕ್ಟರಮ್ಮ ಬಂದರು. ಗವುಸು ಕಳಚುತ್ತಾ ಹೇಳಿದರು. "ಸ್ವಲ್ಪ ಜಾಸ್ತಿನೇ ಹೋಯ್ತು. ನಿಲ್ಲಿಸಿದ್ದೀವಿ. ತಡ್ಕೊಂಡಿದ್ದಾಳೆ, ಎಚ್ಚರವಾಗಿದ್ದಾಳೆ, ನೀರು ಕೇಳಿದ್ಲು. ಫೆಬ್ರವರೀಲಿ ಇದ್ದ ರಕ್ತದಲ್ಲೇ ಇಲ್ಲಿಗೆ ಬಂದಿದ್ರೆ ನಾನು ಇಷ್ಟು ಆರಾಮಾಗಿ ನಿಂತು ಮಾತಾಡ್ತಿರಲಿಲ್ಲ." ಹೊಕ್ಕುಳಬಳ್ಳಿಯನ್ನೂ ಸ್ವಲ್ಪ ತಡೆದು ಕತ್ತರಿಸಿದೆವು, ಮಗುವಿನ ಪಾಲಿನ ರಕ್ತ ಮಗುವಿಗೆ ಸೇರಲೆಂದು, ಎಂದೂ ಹೇಳಿದರು. ಆಮೇಲೆ ನೆನಪಾದವರಂತೆ, "ಹೆಣ್ಣುಮಗು" ಎಂದರು.

ಮಗ ನಗುತ್ತಿದ್ದ. ನಾನು ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅವನಿಗೆ ಇದು ಸಂತೋಷದ ಅಳು ಎನಿಸಿರಬೇಕು. ಸಂತೋಷದ್ದೂ ಹೌದು.

ಜುಲೈ ೨, ಗುರುವಾರ

ಅವಳು ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಳಲಿದೆ, ತುಟಿಯಲ್ಲಿ ಬಣ್ಣವಿದೆ. ನಾನು ಮೊದಲು ತುಟಿಯನ್ನೇ ನೋಡಿದೆ, ಆಮೇಲೆ ಮಗುವನ್ನು.

"ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಂತೆ ಮಾವ" ಎಂದಳು.

"ಗೊತ್ತು. ಆಗಲೇ ತಂದಿಟ್ಟಿದ್ದೀನಿ. ಮಗು ಕೈಗೆ ಸಿಗದ ಹಾಗೆ ಮೇಲಿನ ಕಪಾಟಲ್ಲಿ, ಬೀಗ ಹಾಕಿ."

"ಅದಕ್ಕೆ ಒಂದು ದಿನ ವಯಸ್ಸು ಮಾವ."

"ಬೆಳೆಯುತ್ತಲ್ಲ" ಎಂದೆ.

ಜುಲೈ ೧೨, ಭಾನುವಾರ

ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಮಗುವಿನ ಬಟ್ಟೆ ಒಣಗಿಸಲು ಮಗ ಮಾಳಿಗೆಗೆ ಹೋದ. ಸೊಸೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ತಲೆಯೆತ್ತಿ, "ಅವರಿಗೆ ಕ್ಲಿಪ್ ಸಾಲಲ್ಲ ಮಾವ, ನೀವು ಕೊಟ್ಟು ಬನ್ನಿ" ಎಂದಳು. ಕ್ಲಿಪ್ಪುಗಳಿದ್ದ ಡಬ್ಬಿ ಅವನ ಕೈಯಲ್ಲೇ ಇತ್ತು, ಅವಳೇ ಕೊಟ್ಟಿದ್ದಳು. ಆದರೂ ನಾನು ಹತ್ತಿದೆ.

ಒಂದೊಂದೇ ಸಣ್ಣ ಬಟ್ಟೆಯನ್ನು ಕೊಡವಿ ಅವನಿಗೆ ಕೊಡುತ್ತಾ ಹೋದೆ, ಅವನು ಹಗ್ಗಕ್ಕೆ ಹಾಕುತ್ತಾ ಹೋದ. ಹಾಗೆಯೇ ಹೇಳಿದೆ. ಜ್ವರವಲ್ಲ ಎಂದು. ಕೈ ಚಾಚಿ ತೋರಿಸಿದ್ದು, ನಾನು ಕೆಲಸಕ್ಕೆ ಇಳಿದದ್ದು, ಆ ಒಂದು ಗಂಟೆ. ಎಲ್ಲಿಯೂ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಮತ್ತೆ ಶುರುಮಾಡಲು ಆಗುತ್ತಿರಲಿಲ್ಲ.

ಬಟ್ಟೆ ಮುಗಿದಿತ್ತು. ಅವನು ಹಗ್ಗವನ್ನು ಹಿಡಿದುಕೊಂಡು ನನಗೆ ಬೆನ್ನು ಹಾಕಿ ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ. ಬೈದರೆ ಸರಿಯೆಂದೂ ಅನಿಸಿತು. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಏನಾದರೂ ಒಂದು ಮಾತು ಬರಲೇಬೇಕು.

ಅವನು ತಿರುಗಿದ.

"ಅಪ್ಪ, ನೀವು ಅವಳನ್ನ ಎತ್ಕೊಂಡಿದ್ರಾ? ನನ್ನ ತಂಗೀನ?"

"ಎತ್ಕೊಂಡಿದ್ದೆ. ಇದ್ದಷ್ಟು ಹೊತ್ತೂ ನನ್ನ ಕೈಯಲ್ಲೇ ಇದ್ಲು."

"ಕೂದಲಿತ್ತಾ?"

"ತುಂಬಾ ಇತ್ತು" ಎಂದೆ. "ಕಪ್ಪಗೆ, ಕಿವಿ ಮುಚ್ಚೋಷ್ಟು. ಬಲಗೆನ್ನೆ ಒಂಚೂರು ಗುಳಿ ಬೀಳ್ತಿತ್ತು. ನನ್ನ ಬೆರಳು ಹಿಡ್ಕೊಂಡಿದ್ಲು."

ಅವನು ಇನ್ನೂ ಕೇಳಿದ. ಬಣ್ಣ ಹೇಗಿತ್ತು, ಅತ್ತಳೇ, ಯಾರ ಹಾಗಿದ್ದಳು ಎಂದು ಒಂದೊಂದಾಗಿ ಕೇಳುತ್ತಾ ಹೋದ. ನಾನು ಎಲ್ಲವನ್ನೂ ಹೇಳಿದೆ. ಇಷ್ಟೆಲ್ಲ ನೆನಪಿದೆಯೆಂದು ನನಗೇ ಗೊತ್ತಿರಲಿಲ್ಲ. ಅವಳ ಬಗ್ಗೆ ಯಾರೂ ನನ್ನನ್ನು ಕೇಳಿರಲೇ ಇಲ್ಲ.